ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿಗೆ ಕೀಲಿ ಹಾಕಬಹುದೆ?

(ಧಾರವಾಡದಲ್ಲಿ ಸ್ಟುಡಿಯೊ ಮಾಲೀಕರು, ಸಂಗೀತ ಶಿಕ್ಷಕರು ಮತ್ತು ಮನೆಯ ಹಳೆಯ ದಾಖಲೆಗಳನ್ನು ಜೋಪಾನ ಮಾಡಿಟ್ಟುಕೊಂಡವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರಹಕ್ಕಿಳಿಸಿ ತಿದ್ದಲಾಗಿದೆ.)

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹತ್ತಿಕೊಂಡ ಓಣಿಯೊಂದರಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಹಳೆಯ ಕ್ಯಾಸೆಟ್ಟು ಮತ್ತು ವಿಡಿಯೊ ಟೇಪುಗಳನ್ನು ಡಿಸ್ಕಿಗೆ ಇಳಿಸಿಕೊಡುವುದು, ಓದಲು ಹಟ ಮಾಡುವ ಡಿಸ್ಕುಗಳಿಂದ ಉಳಿದಷ್ಟನ್ನು ಹೊರತೆಗೆಯುವುದು ಅಲ್ಲಿ ನಡೆಯುವ ಕೆಲಸ. ಬರುವವರಲ್ಲಿ ಮದುವೆಯ ವಿಡಿಯೊ ತೆಗೆಯುವವರಿದ್ದಾರೆ, ಗುರುಗಳ ಹಾಡುಗಾರಿಕೆಯ ಕ್ಯಾಸೆಟ್ಟುಗಳನ್ನು ಕಾಯ್ದಿಟ್ಟ ಶಿಷ್ಯರಿದ್ದಾರೆ, ಕಕ್ಷಿದಾರರ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಸಿಟ್ಟ ವಕೀಲರಿದ್ದಾರೆ. ಇವರೆಲ್ಲರ ಬೇಡಿಕೆಯನ್ನು ಸೋಸಿದರೆ ಉಳಿಯುವುದು ಎರಡೇ ಮಾತು. "ಸರ, ಇದು ಎಂದೂ ಹಾಳಾಗಬಾರದು" ಎನ್ನುವುದು ಒಂದು. "ಸರ, ಇದನ್ನ ಯಾರಿಗೂ ಕಾಪಿ ಮಾಡಾಕ ಬರಬಾರದು, ಹಂಗ ಮಾಡಿಕೊಡ್ರಿ" ಎನ್ನುವುದು ಇನ್ನೊಂದು. ಬಹಳ ಸಲ ಒಬ್ಬರೇ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ, ಮತ್ತು ಈ ಎರಡು ಬೇಡಿಕೆಗಳು ಒಂದನ್ನೊಂದು ತಿನ್ನುತ್ತವೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ನನ್ನ ಗಮನಕ್ಕೂ ಅದು ಬಂದದ್ದು ತಡವಾಗಿಯೇ.

ಸಿನಿಮಾ ಡಿ.ವಿ.ಡಿ.ಗೆ, ಕಂಪ್ಯೂಟರ್ ಆಟದ ಸಿ.ಡಿ.ಗೆ ಕಂಪನಿಗಳು ನಕಲು ತಡೆ ಹಾಕುತ್ತವೆ; ಅದನ್ನೇ ನಮ್ಮ ಡಿಸ್ಕಿಗೆ ಏಕೆ ಹಾಕಿಕೊಡುವುದಿಲ್ಲ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಡಿಸ್ಕಿನ ಮೈಯಲ್ಲಿಯೇ ಇದೆ. ಆದ್ದರಿಂದ ತಾವು ಸ್ವಲ್ಪ ತಾಳ್ಮೆಯಿಂದ ನನ್ನ ಜೊತೆ ಡಿಸ್ಕಿನ ಒಳಗೆ ಇಳಿಯಬೇಕು.

ಕಾರ್ಖಾನೆಯಲ್ಲಿ ತಯಾರಾದ ಸಿ.ಡಿ. ಅಚ್ಚಾದ ಪುಸ್ತಕವಿದ್ದಂತೆ. ಗಾಜಿನ ತಟ್ಟೆಯ ಮೇಲೆ ಲೇಸರಿನಿಂದ ಮೂಲವನ್ನು ಮೂಡಿಸಿ, ಅದರಿಂದ ನಿಕ್ಕಲ್ಲಿನ ಅಚ್ಚು ತೆಗೆದು, ಕಾದ ಪಾಲಿಕಾರ್ಬೊನೇಟನ್ನು ಆ ಅಚ್ಚಿಗೆ ಒತ್ತಿ, ಮೇಲೆ ಅಲ್ಯೂಮಿನಿಯಮ್ಮಿನ ತೆಳು ಲೇಪ ಕೊಡುತ್ತಾರೆ. ಅಕ್ಷರಗಳ ಬದಲು ಗುಳಿಗಳು, ಅವು ಪ್ಲಾಸ್ಟಿಕ್ಕಿನಲ್ಲಿಯೇ ಮೂಡಿರುತ್ತವೆ. ನಾವು ಬರ್ನ್ ಮಾಡುವ ಸಿ.ಡಿ.-ಆರ್. ಹಾಗಲ್ಲ, ಅದು ಗೆರೆ ಹಾಕಿದ ನೋಟುಬುಕ್ಕು. ಅದರಲ್ಲಿ ಸುರುಳಿ ಸುತ್ತಿದ ಒಂದು ಸಣ್ಣ ತೋಡು ಮೊದಲೇ ಇರುತ್ತದೆ, ತೋಡಿನ ಮೇಲೆ ಬಣ್ಣದ ಪದರವಿರುತ್ತದೆ, ಬರೆಯುವ ಡ್ರೈವಿನ ಲೇಸರು ಆ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಗುಳಿಯಂತೆ ತೋರುವ ಕಲೆಗಳನ್ನು ಮಾಡುತ್ತದೆ. ಆ ತೋಡೂ ನೇರವಾಗಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅತ್ತಿತ್ತ ತೊನೆಯುತ್ತದೆ, ಮತ್ತು ಆ ತೊನೆತದೊಳಗೆ ಡಿಸ್ಕು ತಯಾರಿಸಿದವರ ಗುರುತು, ಅದು ಎಷ್ಟು ನಿಮಿಷದ ಡಿಸ್ಕು, ಬರೆಯಲು ಲೇಸರಿಗೆ ಎಷ್ಟು ಶಕ್ತಿ ಬೇಕು ಎಂಬ ವಿವರಗಳು ಅಡಗಿರುತ್ತವೆ. ಇದಕ್ಕೆ ಎ.ಟಿ.ಐ.ಪಿ. ಎಂದು ಹೆಸರು. ಇದನ್ನು ಅಳಿಸಲೂ ಆಗದು, ತಿದ್ದಲೂ ಆಗದು.

ಹೀಗಾಗಿ ಖಾಲಿ ಡಿಸ್ಕು ಎಂದು ನಾವು ಅಂಗಡಿಯಿಂದ ತರುವುದು ನಿಜಕ್ಕೂ ಖಾಲಿಯಲ್ಲ. "ನಾನು ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕಲ್ಲ" ಎಂಬ ಒಂದು ವಾಕ್ಯ ಅದರಲ್ಲಿ ಮೊದಲೇ ಬರೆದಿದೆ. ಕಂಪನಿಗಳ ನಕಲು ತಡೆಯಲ್ಲಿ ಅತ್ಯಂತ ಸರಳವಾದದ್ದು ಈ ವಾಕ್ಯವನ್ನು ಓದಿ ನೋಡುವುದು: ಎ.ಟಿ.ಐ.ಪಿ. ಕಂಡರೆ ಪ್ರೋಗ್ರಾಂ ತೆರೆಯುವುದಿಲ್ಲ. ಈ ತಡೆಯನ್ನು ನಮ್ಮ ಡಿಸ್ಕಿಗೆ ತಂದು ಹಾಕಿದರೆ ಏನಾಗುತ್ತದೆ ಯೋಚಿಸಿ. ನಾವು ಮೂಲ ಎಂದು ಕೊಟ್ಟ ಡಿಸ್ಕೂ ಬರ್ನ್ ಮಾಡಿದ್ದೇ ಆದ್ದರಿಂದ ನಮ್ಮ ಮೂಲವೇ ಎಲ್ಲಕ್ಕಿಂತ ಮೊದಲು ಕಳ್ಳಪ್ರತಿ ಎನಿಸಿಕೊಳ್ಳುತ್ತದೆ.

ಸೋನಿ ಕಂಪನಿಯ ಪ್ಲೇಸ್ಟೇಶನ್ ಎಂಬ ವಿಡಿಯೊ ಆಟದ ಯಂತ್ರ 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದಾಗ ಇದೇ ತೊನೆತವನ್ನು ತಿರುಗಿಸಿ ಬಳಸಿಕೊಂಡರು. ಆಟದ ಡಿಸ್ಕಿನ ಆರಂಭದ ಭಾಗದಲ್ಲಿ ಗುಳಿಗಳ ಸಾಲನ್ನೇ ತೊನೆಯುವಂತೆ ಅಚ್ಚು ಮಾಡಿ, ಅದರೊಳಗೆ ಆ ಡಿಸ್ಕು ಯಾವ ಪ್ರದೇಶದ್ದೆಂಬ ನಾಲ್ಕಕ್ಷರದ ಗುರುತನ್ನು ಅಡಗಿಸಿದರು. ಯಂತ್ರವು ಮೊದಲು ಆ ಗುರುತನ್ನು ಹುಡುಕುತ್ತದೆ. ಮನೆಯ ಬರ್ನರು ತನ್ನ ಡಿಸ್ಕಿನ ತೋಡನ್ನು ಹಿಂಬಾಲಿಸಬಲ್ಲದೇ ಹೊರತು ತಾನಾಗಿ ತೊನೆಯಲಾರದು. ಗುಳಿಗಳನ್ನು ಒಂದೂ ಬಿಡದೆ ನಕಲಿಸಿದರೂ ನಡಿಗೆಯನ್ನು ನಕಲಿಸಲಾಗಲಿಲ್ಲ.

ಇನ್ನೊಂದು ಜಾತಿಯ ತಡೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ, ಏಕೆಂದರೆ ಅದನ್ನು ಮಾಡಿದವರ ಜಾಣತನವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಸಿ.ಡಿ.ಯ ಮೇಲೆ ದತ್ತಾಂಶವನ್ನು ಸೆಕ್ಟರು ಎಂಬ ಸಣ್ಣ ತುಂಡುಗಳಾಗಿ ಬರೆದಿರುತ್ತಾರೆ, ಒಂದು ಸೆಕ್ಟರಿನಲ್ಲಿ 2,352 ಬೈಟುಗಳಿರುತ್ತವೆ. ಕಂಪ್ಯೂಟರ್ ಡಿಸ್ಕಿನಲ್ಲಿ ನಮ್ಮ ಫೈಲಿಗೆ ಸಿಗುವುದು ಅವುಗಳಲ್ಲಿ 2,048 ಮಾತ್ರ. ಉಳಿದ 304ರಲ್ಲಿ ಸೆಕ್ಟರು ಎಲ್ಲಿ ಶುರುವಾಯಿತೆಂಬ ಗುರುತು, ಅದರ ವಿಳಾಸ, ತಪ್ಪನ್ನು ಪತ್ತೆ ಹಚ್ಚುವ ಲೆಕ್ಕ, ಮತ್ತು ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿಯುವ, 276 ಬೈಟುಗಳ, ತಪ್ಪನ್ನು ತಿದ್ದುವ ಲೆಕ್ಕ ಇರುತ್ತವೆ. ನಾವು ಸಾಮಾನ್ಯವಾಗಿ ಬರ್ನ್ ಮಾಡುವಾಗ ಈ ಲೆಕ್ಕಗಳನ್ನು ಡ್ರೈವೇ ಮಾಡಿ ತುಂಬುತ್ತದೆ, ನಮ್ಮನ್ನು ಕೇಳುವುದಿಲ್ಲ. ಕೆಲವು ಕಂಪನಿಗಳು ಕಾರ್ಖಾನೆಯಲ್ಲಿ ಬೇಕೆಂದೇ ಕೆಲವು ಸೆಕ್ಟರುಗಳಿಗೆ ತಪ್ಪು ಲೆಕ್ಕ ತುಂಬಿದವು. ನಕಲು ಮಾಡಹೋದವನ ಡ್ರೈವು ಆ ಸೆಕ್ಟರುಗಳು ಕೆಟ್ಟಿವೆಯೆಂದು ಮುಗ್ಗರಿಸುತ್ತಿತ್ತು; ಹೇಗೋ ದಾಟಿಸಿ ಬರೆದರೆ ಹೊಸ ಡಿಸ್ಕಿನಲ್ಲಿ ಬರ್ನರು ಲೆಕ್ಕವನ್ನು ಸರಿ ಮಾಡಿಬಿಡುತ್ತಿತ್ತು. ಆಟ ಶುರುವಾಗುವಾಗ ಆ ತಪ್ಪನ್ನು ಹುಡುಕಿ, ಅದು ಕಾಣದಿದ್ದರೆ ಡಿಸ್ಕು ಖೊಟ್ಟಿ ಎಂದು ತೀರ್ಮಾನಿಸುತ್ತಿತ್ತು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ನಕಲು ಮಾಡುವ ಹುಡುಗ ಅವನ ತಪ್ಪುಗಳನ್ನು ತಿದ್ದಿ ಬರೆದು ಸಿಕ್ಕಿಬಿದ್ದಂತೆ.

ಆಮೇಲೆ ಬರ್ನರುಗಳು ತಪ್ಪನ್ನು ತಪ್ಪಾಗಿಯೇ ಬರೆಯುವುದನ್ನು ಕಲಿತವು. ಆಗ 1998ರಲ್ಲಿ ಬಂದಿದ್ದ ಸೇಫ್‌ಡಿಸ್ಕ್ ಎಂಬ ತಡೆಯ ಮುಂದಿನ ಆವೃತ್ತಿ ಇನ್ನೊಂದು ಮೆಟ್ಟಿಲು ಕೆಳಗಿಳಿಯಿತು. ಡಿಸ್ಕಿನ ಮೇಲೆ ಪ್ರತಿ 8 ಬಿಟ್ಟುಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, 14 ಬಿಟ್ಟುಗಳಾಗಿ ಬದಲಿಸಿ, ಒಂದು ಕಂತೆಗೂ ಇನ್ನೊಂದಕ್ಕೂ ನಡುವೆ 3 ಬಿಟ್ಟುಗಳ ಕೊಂಡಿ ಹಾಕಿ ಬರೆಯುತ್ತಾರೆ. ಗುಳಿ ಮತ್ತು ಬಯಲುಗಳು ಒಟ್ಟಿನಲ್ಲಿ ಸಮತೂಕವಾಗಿರುವಂತೆ ಈ ಕೊಂಡಿಯನ್ನು ಆರಿಸಬೇಕು, ಇಲ್ಲದಿದ್ದರೆ ಓದುವ ಲೇಸರು ಹಾದಿ ತಪ್ಪುತ್ತದೆ. ಕೆಲವು ಮಾದರಿಯ ದತ್ತಾಂಶಕ್ಕೆ ಸರಿಯಾದ ಕೊಂಡಿ ಆರಿಸುವುದು ಬಲು ಕಷ್ಟ. ಕಾರ್ಖಾನೆಯ ದುಬಾರಿ ಎನ್‌ಕೋಡರು ಅದನ್ನು ನಿಭಾಯಿಸುತ್ತದೆ, ಆ ಕಾಲದ ಬಹುತೇಕ ಮನೆಯ ಬರ್ನರುಗಳ ಚಿಪ್ಪಿಗೆ ಅದು ಆಗುತ್ತಿರಲಿಲ್ಲ. ಸೇಫ್‌ಡಿಸ್ಕಿನವರು ಬೇಕೆಂದೇ ಅಂಥ ಮಾದರಿಯನ್ನು ಡಿಸ್ಕಿನಲ್ಲಿ ಹೂತಿಟ್ಟರು. ಬರ್ನರು ಪ್ರಾಮಾಣಿಕವಾಗಿ ಬರೆದರೂ ಬರೆದದ್ದನ್ನು ಯಾರೂ ಓದಲಾಗುತ್ತಿರಲಿಲ್ಲ.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣವಿದೆ. ಈ ಎಲ್ಲ ತಡೆಗಳ ಗುಟ್ಟು ಒಂದೇ: ಕಾರ್ಖಾನೆ ಮಾಡಬಲ್ಲ, ಮನೆಯ ಬರ್ನರು ಮಾಡಲಾರದ ಒಂದು ಕೆಲಸವನ್ನು ಹುಡುಕಿ, ಅದನ್ನೇ ಅಸಲಿನ ಗುರುತಾಗಿ ಇಡುವುದು. ಹಾಗಿರುವಾಗ ಅದೇ ತಡೆಯನ್ನು ಮನೆಯ ಬರ್ನರಿನಿಂದ ಹಾಕಿಸಿಕೊಡಿ ಎಂದು ಕೇಳಿದರೆ, ನಿಲುಕಲಾರದ ಕೈಗೇ ನಿಲುಕಿಸಿ ಕೊಡು ಎಂದಂತಾಯಿತು. ನನ್ನ ಅಂಗಡಿಯ ಡ್ರೈವಿಗೂ ನಿಮ್ಮ ನೆರೆಮನೆಯ ಹುಡುಗನ ಡ್ರೈವಿಗೂ ಯೋಗ್ಯತೆಯಲ್ಲಿ ಭೇದವಿಲ್ಲ. ನಾನು ಬರೆಯಬಲ್ಲದ್ದನ್ನು ಅವನೂ ಬರೆಯಬಲ್ಲ.

ಡಿ.ವಿ.ಡಿ.ಯಲ್ಲಿ ಈ ಮಾತು ಇನ್ನೂ ಸ್ಪಷ್ಟ. ಸಿನಿಮಾ ಡಿ.ವಿ.ಡಿ.ಗಳ ಸಿ.ಎಸ್.ಎಸ್. ಎಂಬ ಗೂಢಲಿಪಿಯ ಕೀಲಿಕೈಗಳು ಡಿಸ್ಕಿನ ಒಳ ಅಂಚಿನ ಒಂದು ಭಾಗದಲ್ಲಿರುತ್ತವೆ. ಅಂಗಡಿಯಲ್ಲಿ ಸಿಗುವ ಡಿ.ವಿ.ಡಿ.-ಆರ್.ನಲ್ಲಿ ಆ ಜಾಗಕ್ಕೆ ನಾವು ಏನನ್ನೂ ಬರೆಯಲಾಗದಂತೆ ತಯಾರಿಕೆಯಲ್ಲಿಯೇ ಮುಚ್ಚಿಬಿಟ್ಟಿರುತ್ತಾರೆ. ಸಿನಿಮಾ ಕಂಪನಿಗಳು ತಮ್ಮ ಡಿಸ್ಕಿನ ನಕಲನ್ನು ತಡೆಯಲು ಮುಚ್ಚಿಸಿದ ಬಾಗಿಲು ಅದು; ಅದರಿಂದಾಗಿ ನಮ್ಮ ಡಿಸ್ಕಿಗೆ ನಾವು ಕೀಲಿ ಹಾಕಿಕೊಳ್ಳುವ ದಾರಿಯೂ ಮುಚ್ಚಿತು. ಮುಚ್ಚಿದ್ದರಿಂದ ಅವರಿಗಾದರೂ ಉಳಿಯಿತೆ ಎಂದರೆ ಅದೂ ಇಲ್ಲ. 40 ಬಿಟ್ಟಿನ ಆ ಗೂಢಲಿಪಿಯನ್ನು ಬಿಡಿಸುವ ಪ್ರೋಗ್ರಾಂ 1999ರಲ್ಲಿ ಹೊರಬಂತು. ಅದರ ಹಿಂದಿದ್ದವರಲ್ಲಿ ಒಬ್ಬನಾದ ನಾರ್ವೆಯ ಹದಿಹರೆಯದ ಯೋನ್ ಲೆಕ್ ಯೋಹಾನ್ಸನ್ ಮೇಲೆ ಮೊಕದ್ದಮೆ ನಡೆದು, 2003ರಲ್ಲಿ ಅಲ್ಲಿಯ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದಿತು. ಅವನು ಬಿಡಿಸಿದ್ದು ತಾನೇ ಹಣ ಕೊಟ್ಟು ಕೊಂಡ ಡಿಸ್ಕನ್ನು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೆ? ಎರಡು ಚಿಲ್ಲರೆ ಉಪಾಯಗಳಿವೆ, ಎರಡನ್ನೂ ನಾನು ಮಾಡಿದ್ದೇನೆ. ಮೊದಲನೆಯದು ಫೈಲುಗಳ ಪಟ್ಟಿಯಲ್ಲಿ ಸುಳ್ಳು ಬರೆಯುವುದು. 700 ಎಂ.ಬಿ. ಡಿಸ್ಕಿನಲ್ಲಿ ಒಂದೇ ಜಾಗವನ್ನು ಹತ್ತು ಹೆಸರುಗಳಿಂದ ತೋರಿಸಿದರೆ ಕಂಪ್ಯೂಟರಿಗೆ ಅದು ಹಲವಾರು ಜಿ.ಬಿ.ಯಾಗಿ ಕಾಣುತ್ತದೆ, ಎಳೆದು ಹಾಕಿ ನಕಲು ಮಾಡುವವನು ಜಾಗ ಸಾಲದೆಂದು ಬಿಡುತ್ತಾನೆ. ಆದರೆ ಫೈಲುಗಳನ್ನು ನೋಡದೆ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದಂತೆಯೇ ಎತ್ತಿಕೊಳ್ಳುವ ಪ್ರೋಗ್ರಾಂಗೆ ಈ ಸುಳ್ಳು ಏನೂ ಅಲ್ಲ.

ಎರಡನೆಯದು ಆಡಿಯೊ ಸಿ.ಡಿ.ಯಲ್ಲಿ "ನಕಲು ಮಾಡಬಾರದು" ಎಂಬ ಒಂದು ಬಿಟ್ಟು. ಬರ್ನ್ ಮಾಡುವ ಅನೇಕ ಪ್ರೋಗ್ರಾಂಗಳಲ್ಲಿ ಇದಕ್ಕೊಂದು ಚೌಕವಿರುತ್ತದೆ, ಗುರುತು ಹಾಕಿದರೆ ಆಯಿತು. ಅಮೆರಿಕದಲ್ಲಿ 1992ರ ಕಾನೂನು ಮನೆಯ ಡಿಜಿಟಲ್ ರೆಕಾರ್ಡರುಗಳು ಇಂಥ ಗುರುತಿಗೆ ಮರ್ಯಾದೆ ಕೊಡಲೇಬೇಕೆಂದು ವಿಧಿಸಿತು: ಮೂಲದಿಂದ ಒಂದು ಪ್ರತಿ ತೆಗೆಯಬಹುದು, ಪ್ರತಿಯಿಂದ ಪ್ರತಿ ತೆಗೆಯಲಾಗದು. ಟೇಪ್ ರೆಕಾರ್ಡರಿನಂತೆ ಕಪಾಟಿನ ಮೇಲೆ ಕೂಡುವ ರೆಕಾರ್ಡರುಗಳಿಗೆ ಅದು ಅನ್ವಯ. ಕಂಪ್ಯೂಟರಿನ ಡ್ರೈವು ಆ ಬಿಟ್ಟಿನತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಇಲ್ಲಿ ಒಂದು ಪ್ರಸಂಗ ಹೇಳಬೇಕು. ಸಂಗೀತ ಕಲಿಸುವ ಹಿರಿಯ ತಾಯಿಯೊಬ್ಬರು 2006ರ ಸುಮಾರಿಗೆ ಹನ್ನೊಂದು ಕ್ಯಾಸೆಟ್ಟುಗಳನ್ನು ತಂದಿದ್ದರು. ಅವರ ಗುರುಗಳು ಮನೆಯ ಬೈಠಕ್ಕಿನಲ್ಲಿ ಹಾಡಿದ್ದು. ನಡುವೆ ಚಹದ ಬಟ್ಟಲಿನ ಸಪ್ಪಳ, ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಂದು ಕಡೆ ಶಿಷ್ಯೆಗೆ ಬೈದದ್ದೂ ಇದೆ. ಇದು ಹೊರಗೆ ಹೋಗಬಾರದು ಎಂಬುದು ಅವರ ಕಟ್ಟಪ್ಪಣೆ. ನಾನು ಆಡಿಯೊ ಸಿ.ಡಿ.ಗಳನ್ನು ಮಾಡಿ, ಪ್ರತಿಯೊಂದಕ್ಕೂ ಆ ಚೌಕದಲ್ಲಿ ಗುರುತು ಹಾಕಿ, "ನಕಲು ತಡೆ ಹಾಕಿದ್ದೇನೆ" ಎಂದು ಹೇಳಿ ಕೊಟ್ಟೆ. ಹೇಳಿದ್ದು ಸುಳ್ಳಲ್ಲ, ಆದರೆ ಅದರ ಯೋಗ್ಯತೆ ಎಷ್ಟೆಂದು ಹೇಳದೆ ಬಿಟ್ಟದ್ದು ನನ್ನ ತಪ್ಪು. ಅವರು ಡಿಸ್ಕುಗಳನ್ನು ಪಡಸಾಲೆಯ ಶೋಕೇಸಿನಲ್ಲಿ ಪಡುವಣ ಕಿಟಕಿಯ ಎದುರಿಗೆ ಒಪ್ಪವಾಗಿ ಜೋಡಿಸಿಟ್ಟರು. ಕ್ಯಾಸೆಟ್ಟುಗಳನ್ನು ಇನ್ನೇಕೆಂದು ಬಿಸಾಕಿದರು. ಒಂಬತ್ತು ವರ್ಷಗಳ ನಂತರ ಡಿಸ್ಕುಗಳ ಡಬ್ಬ ಹಿಡಿದು ಬಂದಾಗ ಹೊರ ಅಂಚಿನತ್ತ ಬಣ್ಣ ಮಾಸಿತ್ತು. ಡ್ರೈವು ಸುತ್ತುತ್ತದೆ, ತಡೆಯುತ್ತದೆ, ಮತ್ತೆ ಸುತ್ತುತ್ತದೆ. ಅರ್ಧದಷ್ಟು ಸಿಕ್ಕಿತು, ಉಳಿದದ್ದು ಸಿಗಲಿಲ್ಲ. ಎರಡು ವಾರ ಕಳೆದ ಮೇಲೆ ಅವರ ಒಬ್ಬ ಶಿಷ್ಯ ಗದಗಿನಿಂದ ಒಂದು ಹಾರ್ಡ್ ಡಿಸ್ಕು ತಂದುಕೊಟ್ಟ. ಡಿಸ್ಕುಗಳು ಮನೆಗೆ ಬಂದ ವಾರದಲ್ಲಿಯೇ ಅವನು ಅವರಿಗೆ ಹೇಳದೆ ಎಲ್ಲವನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ನನ್ನ ತಡೆ ಇತ್ತು ಎಂಬುದೇ ಅವನಿಗೆ ಗೊತ್ತಾಗಿರಲಿಲ್ಲ. ಆ ತಾಯಿ ಅವನನ್ನು ಬೈದರು, ಬೈಯುತ್ತಲೇ ಹಾರ್ಡ್ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡರು.

ಆ ದಿನದಿಂದ ನಾನು ಆ ಚೌಕದಲ್ಲಿ ಗುರುತು ಹಾಕುವುದನ್ನು ಬಿಟ್ಟೆ. ನನ್ನ ತಡೆ ಸಮರ್ಥವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ್ನ್ ಮಾಡಿದ ಡಿಸ್ಕು ಬಿಸಿಲಿಗೆ, ಸೆಕೆಗೆ, ನಮ್ಮ ಮಳೆಗಾಲದ ಥಂಡಿಗೆ ಒಡ್ಡಿಕೊಂಡ ಬಣ್ಣದ ಪದರ. ಅದು ಸಾಯುವ ಮೊದಲು ಹೊಸ ಡಿಸ್ಕಿಗೆ ಇಳಿಯಲೇಬೇಕು. ಬ್ಯಾಕಪ್ ಎನ್ನುವುದು ಈ ಇಳಿಸುವ ಕೆಲಸಕ್ಕೆ ಇರುವ ಹೆಸರು, ನಕಲು ತಡೆ ಎನ್ನುವುದು ಅದನ್ನು ನಿಲ್ಲಿಸುವ ಕೆಲಸಕ್ಕೆ ಇರುವ ಹೆಸರು.

ದೊಡ್ಡ ಕಂಪನಿಗಳು ಇದೇ ಹಟದಲ್ಲಿ ಎಲ್ಲಿಗೆ ಹೋಗಿ ಮುಟ್ಟಿದವು ಎಂಬುದನ್ನು ಸ್ವಲ್ಪ ದಾರಿ ಬಿಟ್ಟು ಹೇಳುತ್ತೇನೆ. 2002ರಲ್ಲಿ ಹಾಡಿನ ಸಿ.ಡಿ.ಗಳಿಗೆ ಹಾಕಿದ ಒಂದು ತಡೆಯನ್ನು ಡಿಸ್ಕಿನ ಹೊರ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ದಾಟಬಹುದೆಂದು ಜನ ಕಂಡುಕೊಂಡರು, ಏಕೆಂದರೆ ಕಂಪ್ಯೂಟರನ್ನು ಗೊಂದಲಗೊಳಿಸುವ ದತ್ತಾಂಶ ಇದ್ದದ್ದು ಅಲ್ಲಿಯೇ. ಮರುವರ್ಷ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ಇನ್ನೊಂದು ತಡೆಯನ್ನು ದಾಟಲು ಡಿಸ್ಕು ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಸಾಕೆಂದು ತೋರಿಸಿದ. ಆ ತಡೆಯನ್ನು ಮಾಡಿದ ಕಂಪನಿ ಮೊದಲು ಮೊಕದ್ದಮೆ ಹೂಡುವೆನೆಂದು ಗುಡುಗಿ ಆಮೇಲೆ ಸುಮ್ಮನಾಯಿತು. 2005ರ ಅಕ್ಟೋಬರ್ 31ರಂದು ಮಾರ್ಕ್ ರುಸಿನೊವಿಚ್ ಎಂಬ ತಜ್ಞ, ಸೋನಿ ಬಿ.ಎಂ.ಜಿ. ಹೊರತಂದ ಸಿ.ಡಿ.ಯೊಂದು ತನ್ನ ಕಂಪ್ಯೂಟರಿನ ತಳಕ್ಕೆ ನುಸುಳಿ ಅಡಗಿ ಕೂತ ಪ್ರೋಗ್ರಾಂ ಒಂದನ್ನು ಹಾಕಿದ್ದನ್ನು ಬಯಲು ಮಾಡಿದರು. ಅದು ಒಂದು ನಿರ್ದಿಷ್ಟ ಅಕ್ಷರಗುಚ್ಛದಿಂದ ಆರಂಭವಾಗುವ ಯಾವ ಫೈಲನ್ನಾದರೂ ಮರೆಮಾಡುತ್ತಿತ್ತು, ಹಾಗಾಗಿ ವೈರಸ್ಸುಗಳೂ ಅದೇ ಹೆಸರಿಟ್ಟುಕೊಂಡು ಅದರ ನೆರಳಿನಲ್ಲಿ ಅಡಗಿದವು. ಕಂಪನಿ ಡಿಸ್ಕುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಡು ಕೇಳಲು ಹಣ ಕೊಟ್ಟವನ ಮನೆಗೇ ಕನ್ನ ಹಾಕಿದ್ದರು.

ಇನ್ನು ಕಾಲದ ಮಾತು. 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕನ್ನು ನಡೆಸುವ ಡ್ರೈವರ್ ಎಂಬ ಸಹಾಯಕ ಪ್ರೋಗ್ರಾಮನ್ನು ಸುರಕ್ಷತೆಯ ಕಾರಣಕ್ಕೆ ಕೈಬಿಟ್ಟರು. ಹಣ ಕೊಟ್ಟು ಕೊಂಡ ಅಸಲಿ ಡಿಸ್ಕುಗಳು ಅಂದಿನಿಂದ ಅಲ್ಲಿ ನಡೆಯಲಿಲ್ಲ. ನಮ್ಮ ಭಾಗದ ಉದಾಹರಣೆಯೂ ಇದೆ. ಗದಗಿನ ಮುದ್ರಣಾಲಯವೊಂದರಲ್ಲಿ ನಾನು ಹುಡುಗನಾಗಿದ್ದಾಗ ಡಿ.ಟಿ.ಪಿ. ಕೆಲಸ ಕಲಿತೆ. ಅಲ್ಲಿಯ ಕನ್ನಡ ಅಕ್ಷರಜೋಡಣೆಯ ಪ್ರೋಗ್ರಾಂ ತೆರೆಯಬೇಕಾದರೆ ಕೀಲಿಕೈ ಫ್ಲಾಪಿ ಎಂಬುದೊಂದನ್ನು ಡ್ರೈವಿನಲ್ಲಿ ಹಾಕಿರಬೇಕಿತ್ತು, ಮತ್ತು ಆ ಫ್ಲಾಪಿಗೆ ನಕಲು ತಡೆಯಿತ್ತು. ಮಾಲೀಕರು ಅದನ್ನು ದೇವರ ಜಗಲಿಯ ಪಕ್ಕದ ಡ್ರಾವರಿನಲ್ಲಿಟ್ಟು ದಿನಾ ಬೆಳಿಗ್ಗೆ ತೆಗೆಯುತ್ತಿದ್ದರು. ಒಂದು ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಪ್ರೋಗ್ರಾಂ ಮಾರಿದ ಕಂಪನಿಗೆ ಬರೆದ ಪತ್ರ ವಿಳಾಸದಾರರಿಲ್ಲವೆಂದು ಹಿಂದಿರುಗಿತು. ಆರು ವರ್ಷ ಜೋಡಿಸಿದ್ದ ಪುಸ್ತಕಗಳೆಲ್ಲ ಆ ಪ್ರೋಗ್ರಾಂ ಒಂದೇ ಓದಬಲ್ಲ ರೂಪದಲ್ಲಿದ್ದವು. ಮರುಮುದ್ರಣಕ್ಕೆ ಬಂದ ಪ್ರತಿ ಪುಸ್ತಕವನ್ನೂ ಮೊದಲ ಪುಟದಿಂದ ಮತ್ತೆ ಜೋಡಿಸಿದ್ದು ನಾನೇ. ನನ್ನ ಬೆರಳಿಗೆ ವೇಗ ಬಂದದ್ದು ಆ ಬೂಷ್ಟಿನ ಉಪಕಾರ.

ಈಗ ಸ್ಟುಡಿಯೊದವರ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಸಭೆಯಲ್ಲಿ ಅವರೇ ಹೆಚ್ಚು ಇದ್ದೀರಿ. ಮದುವೆಯ ಡಿಸ್ಕನ್ನು ಬೀಗರೆಲ್ಲ ತಾವೇ ನಕಲು ಮಾಡಿಕೊಂಡುಬಿಡುತ್ತಾರೆ, ಎರಡನೆಯ ಪ್ರತಿಗೆ ನಮ್ಮಲ್ಲಿಗೆ ಬರುವುದಿಲ್ಲ ಎಂಬುದು ನಿಮ್ಮ ದೂರು. ನಾನು ವಕೀಲನಲ್ಲ, ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ನೀವೆಲ್ಲ ಒಮ್ಮೆ ಓದಬೇಕು. ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊ ಅಥವಾ ಚಲನಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರು ಎಂದು ಅದು ಹೇಳುತ್ತದೆ. ಅಂದರೆ ಕಾಗದದ ಮೇಲೆ ಏನೂ ಬರೆಸಿಕೊಳ್ಳದೆ ನೀವು ತೆಗೆದ ಮದುವೆಯ ವಿಡಿಯೊ ಮದುವೆ ಮಾಡಿಸಿದವರದು. ಅವರ ಸ್ವತ್ತನ್ನು ಅವರೇ ನಕಲು ಮಾಡದಂತೆ ತಡೆ ಹಾಕುವುದು ಹೇಗೆ? ಪ್ರತಿಗಳ ಮೇಲೆ ನಿಮಗೆ ಹಿಡಿತ ಬೇಕಾದರೆ ಅದನ್ನು ಮುಂಗಡ ಪಡೆಯುವ ರಸೀತಿಯಲ್ಲಿ ಬರೆಸಿಕೊಳ್ಳಬೇಕೇ ಹೊರತು ಡಿಸ್ಕಿನಲ್ಲಿ ಹುಡುಕಬಾರದು. ಬಾಕಿ ಹಣ ಬರುವ ಮೊದಲು ತೋರಿಸಬೇಕಾದ ಮಾದರಿಗೆ ನಿಮ್ಮ ಸ್ಟುಡಿಯೊದ ಹೆಸರನ್ನು ಚಿತ್ರದ ನಡುವೆ ಅಡ್ಡಲಾಗಿ ಹಾಕಿ, ಗುಣಮಟ್ಟ ಇಳಿಸಿ ಕೊಡಿ. ಅದನ್ನು ಎಷ್ಟು ಜನ ನಕಲು ಮಾಡಿದರೆ ನಿಮಗೆ ಅಷ್ಟು ಪ್ರಚಾರ.

ಇದೇ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಕಾನೂನುಬದ್ಧವಾಗಿ ಹೊಂದಿದವನು ಅದು ಕಳೆದುಹೋದೀತು, ಹಾಳಾದೀತು ಎಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದು ಅಪರಾಧವಲ್ಲ ಎನ್ನುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ತಡೆಯನ್ನು ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆಮನೆ ಮತ್ತು ದಂಡ ಎನ್ನುತ್ತದೆ. ಉದ್ದೇಶ ಎಂಬ ಆ ಪದದ ತೂಕವನ್ನು ಗಮನಿಸಿ.

ವಕೀಲರಿಗೆ, ಲೆಕ್ಕಪತ್ರದವರಿಗೆ, ಮನೆಯ ಖಾಸಗಿ ಕಾಗದಗಳನ್ನು ಇಟ್ಟುಕೊಂಡವರಿಗೆ ನಿಜವಾಗಿ ಬೇಕಾದದ್ದು ನಕಲು ತಡೆಯಲ್ಲ. ಡಿಸ್ಕು ಬೇರೆಯವರ ಕೈಗೆ ಬಿದ್ದರೂ ಒಳಗಿನದು ಅವರಿಗೆ ತಿಳಿಯಬಾರದು, ಅಷ್ಟೇ. ಅದಕ್ಕೆ ಗೂಢಲಿಪಿ ಇದೆ, ಮತ್ತು ಇಲ್ಲಿ ಮನೆಯ ಕಂಪ್ಯೂಟರು ಯಾವ ಕಾರ್ಖಾನೆಗೂ ಕಡಿಮೆಯಿಲ್ಲ. ಪುಕ್ಕಟೆ ಸಿಗುವ ಸೆವೆನ್‌ಜಿಪ್ ಅಥವಾ ವೆರಾಕ್ರಿಪ್ಟ್ ಎಂಬ ಪ್ರೋಗ್ರಾಂನಲ್ಲಿ ಎ.ಇ.ಎಸ್. ಎಂಬ ಗೂಢಲಿಪಿಯ 256 ಬಿಟ್ಟಿನ ಕೀಲಿ ಹಾಕಿ, ಆ ಫೈಲನ್ನು ಡಿಸ್ಕಿಗೆ ಬರ್ನ್ ಮಾಡಿ. ಆಮೇಲೆ ಅದನ್ನು ಯಾರು ಎಷ್ಟು ನಕಲು ಮಾಡಿದರೂ ಕೀಲಿ ಹಾಕಿದ ಪೆಟ್ಟಿಗೆಯದೇ ನಕಲು. ಬೇಕಾದರೆ ನೀವೇ ಐದು ಪ್ರತಿ ಮಾಡಿ ಐದು ಊರಿಗೆ ಕಳಿಸಬಹುದು. ಉಳಿಯುವಿಕೆಗೂ ಗುಟ್ಟಿಗೂ ಜಗಳವಿಲ್ಲದ ಒಂದೇ ದಾರಿ ನನಗೆ ಕಂಡದ್ದು ಇದು. ಟಿ.ವಿ.ಗೆ ಜೋಡಿಸಿದ ಪ್ಲೇಯರಿನಲ್ಲಿ ಇಂಥ ಡಿಸ್ಕು ನಡೆಯುವುದಿಲ್ಲವಾದ್ದರಿಂದ ಮದುವೆಯ ಡಿಸ್ಕಿಗೆ ಇದು ಒಗ್ಗದು.

ಇದರಲ್ಲಿ ಅಪಾಯ ಎರಡು. ಒಂದು ಪಾಸ್‌ವರ್ಡ್ ಮರೆಯುವುದು. ಹಾವೇರಿ ಕಡೆಯ ಒಬ್ಬ ವಕೀಲರು ತೀರಿಕೊಂಡ ಮೇಲೆ ಅವರ ಮಗ ಕೀಲಿ ಹಾಕಿದ ನಾಲ್ಕು ಡಿಸ್ಕು ತಂದು, "ನಿಮ್ಮ ಕಡೆ ಏನರ ಉಪಾಯ ಐತೇನ್ರಿ" ಎಂದು ಕೇಳಿದ. ಇರಲಿಲ್ಲ. ಮನೆಯ ನಾಯಿಯ ಹೆಸರು, ಗಾಡಿಯ ನಂಬರು ಎಲ್ಲ ಹಾಕಿ ನೋಡಿದೆವು; ಒಳ್ಳೆಯ ವಕೀಲರಾಗಿದ್ದರು, ಒಳ್ಳೆಯ ಪಾಸ್‌ವರ್ಡೇ ಇಟ್ಟಿದ್ದರು. ಕಾಗದದ ಮೇಲೆ ಬರೆದು ಲಕೋಟೆಯಲ್ಲಿ ಮುಚ್ಚಿ, ಮನೆಯ ಪತ್ರಗಳಿರುವಲ್ಲಿ ಇಡಿ. ಇನ್ನೊಂದು, ಒಟ್ಟಿಗೆ ಕಟ್ಟಿ ಕೀಲಿ ಹಾಕಿದ ದೊಡ್ಡ ಫೈಲಿನಲ್ಲಿ ಒಂದು ಸೆಕ್ಟರು ಹೋದರೆ ಅದಕ್ಕಿಂತ ಬಹಳ ಹೆಚ್ಚು ಹೋಗಬಹುದು. ಅದಕ್ಕಾಗಿ ಡಿಸ್ಕನ್ನು ಪೂರ್ತಿ ತುಂಬದೆ, ಉಳಿದ ಜಾಗದಲ್ಲಿ ಡಿವಿಡಿಸಾಸ್ಟರ್‌ನಂಥ ಪ್ರೋಗ್ರಾಂನಿಂದ ತಪ್ಪು ತಿದ್ದುವ ಹೆಚ್ಚುವರಿ ದತ್ತಾಂಶ ತುಂಬಿಸಿ. ಆಗ ನಾನು ಹೇಳಿದ ಆ 276 ಬೈಟುಗಳ ಕೆಲಸವನ್ನೇ ಇಡೀ ಡಿಸ್ಕಿನ ಮಟ್ಟದಲ್ಲಿ ಮಾಡಿದಂತಾಗುತ್ತದೆ.

ಕೊನೆಗೆ ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ಡಿಸ್ಕು ಬಿಟ್ಟು ಪೆನ್‌ಡ್ರೈವಿಗೆ ಹಾಕಿದರೆ ಹೇಗೆ ಎಂದಿರಿ. ಪೆನ್‌ಡ್ರೈವು ವಿದ್ಯುದಾವೇಶವನ್ನು ಹಿಡಿದಿಟ್ಟು ನೆನಪಿಡುತ್ತದೆ, ವರ್ಷಗಟ್ಟಲೆ ಕಪಾಟಿನಲ್ಲಿ ಬಿಟ್ಟರೆ ಅದು ಸೋರುತ್ತದೆ. ಒಯ್ಯಲು ಒಳ್ಳೆಯದು, ಇಡಲು ಅಲ್ಲ. ಎರಡು ಬಗೆಯ ಸಾಧನಗಳಲ್ಲಿ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ.

ಬರ್ನ್ ಮಾಡಿದ್ದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಬರೆದ ಡ್ರೈವಿನಲ್ಲಿಯೇ ಓದಿ ನೋಡಿದರೆ ಸಾಲದು, ವೈದ್ಯರ ಅಕ್ಷರವನ್ನು ಆ ವೈದ್ಯರಿಂದಲೇ ಓದಿಸಿದಂತೆ. ಬೇರೆ ಮನೆಯ, ಬೇರೆ ಕಂಪನಿಯ ಡ್ರೈವಿನಲ್ಲಿ ಪೂರ್ತಿ ಓದಿಸಿ, ಮೂಲದ ಫೈಲುಗಳೊಡನೆ ಶಾ-256 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಲೆಕ್ಕವನ್ನು, ತಾಳೆ ನೋಡಿ, ನೋಡಿದ ತಾರೀಖನ್ನು ಡಬ್ಬದ ಮೇಲೆ ಬರೆಯಿರಿ. ಡಿಸ್ಕಿನ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ; ಸಿ.ಡಿ.ಯಲ್ಲಿ ಹಾಡು ಇರುವುದು ಹೆಸರು ಬರೆಯುವ ಮಗ್ಗುಲಿನ ಅರಗಿನ ಪದರದ ಕೆಳಗೇ, ಕೂದಲೆಳೆಗಿಂತ ಕಡಿಮೆ ಆಳದಲ್ಲಿ.